ಆಂಪ್ಲಿಫೈಯರ್ ಪಕ್ಕದ ಮೊಸರು

ನಮ್ಮ ಮನೆಯಲ್ಲಿ ಚಳಿಗಾಲದ ಮೊಸರು ಹೆಪ್ಪಾಗುವುದು ಅಡುಗೆಮನೆಯಲ್ಲಲ್ಲ. ಪಡಸಾಲೆಯಲ್ಲಿ, ಹಾಡು ಕೇಳುವ ಆಂಪ್ಲಿಫೈಯರಿನ ಪಕ್ಕದಲ್ಲಿ. ಇದನ್ನೋದಿ ನೀವು ನಕ್ಕರೆ ನನಗೆ ಬೇಸರವಿಲ್ಲ, ನಾನೂ ನಕ್ಕವಳೇ. ಹೈದರಾಬಾದಿನ ಸೆಕೆಯಲ್ಲಿ ವರ್ಷದ ಬಹುಭಾಗ ಹಾಲಿಗೆ ಹೆಪ್ಪು ತೋರಿಸಿದರೆ ಸಾಕು, ಮೊಸರಾಗಿಬಿಡುತ್ತದೆ; ಸಂಜೆಯಾಗುವಷ್ಟರಲ್ಲಿ ಹುಳಿಯೂ ಬಂದು ಕೂತಿರುತ್ತದೆ. ಆದರೆ ಮಾರ್ಗಶಿರದ ಚಳಿ ಬಿದ್ದಿತೆಂದರೆ ಅದೇ ಹಾಲು, ಅದೇ ಹೆಪ್ಪು, ಅದೇ ಹಿತ್ತಾಳೆಯ ಪಾತ್ರೆ; ಬೆಳಿಗ್ಗೆ ಮುಚ್ಚಳ ತೆಗೆದರೆ ಹಾಲು ಹಾಲಾಗಿಯೇ ಇದ್ದು, ರಾತ್ರಿ ಹೇಳಿದ ಮಾತು ಕಿವಿಗೇ ಬಿದ್ದಿಲ್ಲವೆಂಬಂತೆ ನನ್ನನ್ನು ನೋಡುತ್ತದೆ. ಪಾತ್ರೆಯನ್ನು ಹಿಟ್ಟಿನ ಡಬ್ಬಿಯೊಳಗೆ ಹುಗಿದಿಟ್ಟು ನೋಡಿದೆ, ಒಲೆಯ ಕಟ್ಟೆಯ ಮೂಲೆಯಲ್ಲಿಟ್ಟು ನೋಡಿದೆ, ಹಳೆಯ ಶಾಲು ಹೊದಿಸಿ ಕೂಸಿನಂತೆ ಮಲಗಿಸಿಯೂ ನೋಡಿದೆ. ಒಂದು ದಿನ ಪಡಸಾಲೆಯ ಧೂಳು ಒರೆಸುವಾಗ ಆಂಪ್ಲಿಫೈಯರಿನ ಬೆನ್ನಿಗೆ ಕೈ ತಾಗಿತು. ಸಣ್ಣ ಜ್ವರ ಬಂದವರ ಹಣೆಯಂತೆ ಹಿತವಾಗಿ ಬಿಸಿಯಿತ್ತು. ಅಂದು ರಾತ್ರಿ ಪಾತ್ರೆ ಅಲ್ಲಿಗೆ ಬಂತು. ಮರುದಿನ ಮೊಸರು ಎಷ್ಟು ಗಟ್ಟಿಯಾಗಿತ್ತೆಂದರೆ ದೇವರ ಮುಂದೆ ಇಡುವಾಗ ನನ್ನದೇ ಹೆಚ್ಚುಗಾರಿಕೆ ಎಂಬಂತೆ ಒಂದು ಕ್ಷಣ ಬೀಗಿದೆ. ಆಮೇಲೆ ಕೆನ್ನೆ ಕೆನ್ನೆ ಬಡಿದುಕೊಂಡೆ.

ಆ ಯಂತ್ರ ರಾತ್ರಿಯಿಡೀ ಬಿಸಿಯಾಗಿರಲು ಕಾರಣ ನಮ್ಮವರು. ಅದನ್ನು ಆರಿಸಬಾರದು, ಬಿಸಿಯಾಗಿದ್ದರೆ ದನಿ ಪಕ್ವವಾಗುತ್ತದೆ ಎಂಬುದು ಅವರ ಸಿದ್ಧಾಂತ. ದನಿ ಪಕ್ವವಾದದ್ದನ್ನು ನಾನು ಕಂಡಿಲ್ಲ, ಮೊಸರು ಪಕ್ವವಾದದ್ದನ್ನು ಕಂಡಿದ್ದೇನೆ. ಹೀಗಾಗಿ ಒಂದೇ ಯಂತ್ರದ ಮೇಲೆ ನಮ್ಮಿಬ್ಬರಿಗೂ ಬೇರೆ ಬೇರೆ ಕಾರಣಕ್ಕೆ ಭಕ್ತಿ.

ನಮ್ಮವರ ಪರಿಚಯ ಹೇಳದೆ ಮುಂದೆ ಹೋದರೆ ಈ ಕಥೆ ತಿಳಿಯುವುದಿಲ್ಲ. ನಮ್ಮದು ರಾಯಚೂರ ಕಡೆಯ ಮನೆತನ, ಹಿರಿಯರ ಕಾಲಕ್ಕೇ ಹೈದರಾಬಾದಿಗೆ ಬಂದು ನಲ್ಲಕುಂಟದಲ್ಲಿ ನೆಲೆ ನಿಂತದ್ದು. ಬೀದಿಯಲ್ಲಿ ತೆಲುಗು, ಅಂಗಡಿಯಲ್ಲಿ ಹಿಂದಿ, ಹೊಸ್ತಿಲು ದಾಟಿ ಒಳಬಂದರೆ ಕನ್ನಡ. ನಮ್ಮವರು ಸನತ್‌ನಗರದ ಒಂದು ಕಾರ್ಖಾನೆಯಲ್ಲಿ ತಗಡು ಒತ್ತುವ ಪ್ರೆಸ್‌ಗಳ ನಡುವೆ ಸುಪರ್ವೈಸರ್ ಆಗಿ ಕೆಲಸ ಮಾಡಿ ನಿವೃತ್ತರಾದವರು. ಇಡೀ ದಿನ ಆ ಧಡ್ ಧಡ್ ಸಪ್ಪಳದಲ್ಲಿ ನಿಂತು ಬಂದ ಮನುಷ್ಯ, ಮನೆಗೆ ಬಂದು ಕೈಕಾಲು ತೊಳೆದು, ಸಂಧ್ಯಾವಂದನೆ ಮುಗಿಸಿ ಪೇಟಿ ಮುಂದೆ ಕೂತರೆ ಬೇರೆಯವರೇ ಆಗಿಬಿಡುತ್ತಿದ್ದರು. ಪೇಟಿ ಎಂದರೆ ಹಾರ್ಮೋನಿಯಂ. ನಮ್ಮ ಕಡೆ ಹಾಗೇ ಅನ್ನುವುದು. ನಮ್ಮ ಬಡಾವಣೆಯ ಮಠದಲ್ಲಿ ಪ್ರತಿ ಶನಿವಾರ ಭಜನೆ. ಅಲ್ಲಿ ಪೇಟಿ ಇವರದು, ಕೈಯಲ್ಲಿ ಹಿಡಿದು ಬಡಿಯುವ ಕಂಚಿನ ತಾಳ ಇವರ ಗೆಳೆಯ ಪ್ರಲ್ಹಾದರಾಯರದು. ಗಂಡಸರು ಒಂದು ಕಡೆ, ಎದುರಿಗೆ ನಾವು ಹೆಂಗಸರು. ಪೇಟಿ ಹಿಡಿದವರು ಪದ ಎತ್ತಿಕೊಡಬೇಕು, ತಾಳ ಹಿಡಿದವರು ಅದನ್ನು ನಡೆಸಬೇಕು, ಮಿಕ್ಕವರೆಲ್ಲ ಹಿಂದೆ ಹೋಗಬೇಕು. ಪೇಟಿ ಎಡವಿದರೆ ಮಂಡಳಿಯೆಲ್ಲ ಎಡವಿದಂತೆ.

ನಾನು ಹಾಡುವವಳೇ, ಆದರೆ ಲಯದ ವಿಷಯ ಕೇಳಬೇಡಿ. ಮದುವೆಯಾದ ಹೊಸತರಲ್ಲಿ ಭಜನೆಗೆ ಹೋಗಿ ಉತ್ಸಾಹದಿಂದ ಚಪ್ಪಾಳೆ ತಟ್ಟಿದೆ. ಮನೆಗೆ ಬಂದ ಮೇಲೆ ನಮ್ಮವರು ಬಹಳ ಮೃದುವಾಗಿ, "ನಿನ್ನ ತಾಳ ನಿನ್ನ ಹತ್ರನ ಇರಲಿ," ಎಂದರು. ಅಂದಿನಿಂದ ನಾನು ಸಪ್ಪಳವಾಗದಂತೆ ತೊಡೆಯ ಮೇಲೆ, ಸೆರಗಿನ ಮರೆಯಲ್ಲಿ ತಟ್ಟುತ್ತೇನೆ. ಅಷ್ಟು ವರ್ಷ ತಟ್ಟಿದ ಮೇಲೆ ಕೈಗೆ ಲಯ ಬಂದಿರಬಹುದು, ಯಾರು ಬಲ್ಲರು, ಕೇಳಿದವರಿಲ್ಲವಲ್ಲ.

ಇಂಥ ಮನೆಯಲ್ಲಿ ಒಂದು ವರ್ಷದ ಮಳೆಗಾಲ ಕಳೆಯುವಾಗ ನಮ್ಮವರು ಒಂದು ದೂರು ಹಚ್ಚಿಕೊಂಡರು. ಹಾಡಿನಲ್ಲಿ ತಾಳ ಕೇಳುತ್ತಿಲ್ಲ. ತಂಬೂರಿಯ ಮೇಲಿನ ಝೇಂಕಾರ ಮಸುಕಾಗಿದೆ. ದನಿಯ ಮೇಲೆ ಯಾರೋ ಕಂಬಳಿ ಹೊದಿಸಿದ ಹಾಗಿದೆ. ಮೊದಲು ಸ್ಪೀಕರುಗಳ ಮೇಲೆ ಸಂಶಯ ಹೋಯಿತು. ಬಟ್ಟೆಯ ಮುಖ ಹೊತ್ತು ಕೂತ ಆ ಎರಡು ಪೆಟ್ಟಿಗೆಗಳು ಪಡಸಾಲೆಯ ತುಂಬ ಜಾಗ ಬದಲಿಸಿದವು, ಸಂಬಂಧ ಕುದುರದ ಮನೆಯಲ್ಲಿ ಕುರ್ಚಿ ಸರಿಸಿ ಕೂರುವ ಬೀಗರಂತೆ. ಆಮೇಲೆ ತಂತಿಗಳು ಬದಲಾದವು. ಮಠದಲ್ಲೂ ಎರಡು ಸಲ ಪ್ರಲ್ಹಾದರಾಯರಿಗೆ ತಾಳ ಗಟ್ಟಿಯಾಗಿ ಹಾಕಲು ಹೇಳಿದರು. ಒಮ್ಮೆ ಮಂಗಳದ ಪದದಲ್ಲಿ ತಾಳ ಬದಲಾದದ್ದು ತಿಳಿಯದೆ ಪೇಟಿ ಹಿಂದೆ ಉಳಿಯಿತು. ಎಲ್ಲರೂ ಒಮ್ಮೆ ತಡವರಿಸಿ ಮತ್ತೆ ಕೂಡಿಕೊಂಡರು. ಯಾರೂ ಏನೂ ಅನ್ನಲಿಲ್ಲ. ಭಜನೆಯಲ್ಲಿ ಯಾರೂ ಏನೂ ಅನ್ನದಿರುವುದು ಅಂದದ್ದಕ್ಕಿಂತ ಕಠಿಣ. ಪ್ರಲ್ಹಾದರಾಯರು ಮಾತ್ರ ಪ್ರಸಾದ ತಗೊಳ್ಳುವಾಗ ತಮ್ಮ ಸಲಿಗೆಯಲ್ಲಿ, "ನನ್ನ ತಾಳ ಸರಿ ಅದ ರಾಯರ. ಮನ್ಯಾಗ ಆ ಹಳೇ ಡಬ್ಬಿ ಕೇಳಿ ಕೇಳಿ ನಿಮ್ಮ ಕಿವಿ ಕೆಟ್ಟಾವ," ಎಂದರು. ನಗೆಯಲ್ಲಿ ಅಂದ ಮಾತು, ನಮ್ಮವರು ನಗಲಿಲ್ಲ.

ಅಡುಗೆಮನೆಯಲ್ಲಿರುವವಳಿಗೆ ಕೆಲವು ಸಂಗತಿ ಮೊದಲೇ ಕಾಣುತ್ತವೆ. ಕುಕ್ಕರ್ ಕೂಗಿದರೆ ಆರಿಸಿ ಎಂದು ಹೇಳಿ ಹೂ ತರಲು ಹೋದರೆ, ಬರುವಷ್ಟರಲ್ಲಿ ಬೇಳೆ ತಳ ಹಿಡಿದಿರುತ್ತಿತ್ತು. ನಮ್ಮವರು ಅದರ ಪಕ್ಕದಲ್ಲೇ ಪೇಪರ್ ಓದುತ್ತಿರುತ್ತಿದ್ದರು. ಆದರೂ ಕುಕ್ಕರಿನ ಈ ಸಂಗತಿಯನ್ನು ಹಾಡಿನ ದೂರಿಗೆ ಜೋಡಿಸುವ ಧೈರ್ಯ ನನಗಿರಲಿಲ್ಲ, ಅವರಿಗಂತೂ ಇರಲೇ ಇಲ್ಲ. ಕೊರತೆ ಯಂತ್ರದ್ದಾದರೆ ಅಂಗಡಿಯಲ್ಲಿ ಪರಿಹಾರವಿದೆ. ಯಂತ್ರದ್ದಲ್ಲ ಎಂದಾದರೆ, ಧನುರ್ಮಾಸದಲ್ಲಿ ಬರುವ ವೈಕುಂಠ ಏಕಾದಶಿಯ ದಿನ, ಮಠದಲ್ಲಿ ಹೊತ್ತು ಮೂಡಿದಾಗಿನಿಂದ ನಡೆಯುವ ಭಜನೆಗೆ ಇವರು ಪೇಟಿ ಮುಂದೆ ಕೂರುವಂತಿಲ್ಲ. ಅಂದು ಕೂರದಿದ್ದರೆ ಮತ್ತೆಂದೂ ಕೂರುವಂತಿಲ್ಲ. ಮನೆಯಲ್ಲಿ ತಂತಿ, ಪೆಟ್ಟಿಗೆ, ಜಾಗ ಎಂದು ನಡೆದ ಗಲಾಟೆಯೆಲ್ಲ ಈ ಒಂದು ಮಾತನ್ನು ಆಡದಿರುವುದಕ್ಕಾಗಿ ನಡೆದದ್ದು.

ಹೊರಗಿನ ಡಬ್ಬಿಯ ವಿಚಾರ ತಂದವರು ಪ್ರಲ್ಹಾದರಾಯರೇ. ಅವರಿಗೆ ಇಂಟರ್ನೆಟ್ಟಿನಲ್ಲಿ ಓದುವ ಹುಚ್ಚು. ಒಂದು ಸಂಜೆ ಚುರುಮುರಿ ತಿನ್ನುತ್ತ ನಮ್ಮಿಬ್ಬರಿಗೂ ಪಾಠ ಮಾಡಿದರು. ಹಾಡಿನ ತಟ್ಟೆಯಲ್ಲಿ, ಅಂದರೆ ಸಿಡಿಯಲ್ಲಿ, ಹಾಡು ಇರುವುದಿಲ್ಲವಂತೆ, ಬರೇ ಅಂಕಿಗಳಿರುತ್ತವಂತೆ. ಆ ಅಂಕಿಗಳನ್ನು ಮತ್ತೆ ದನಿಯ ಅಲೆಯಾಗಿ ಮಾರ್ಪಡಿಸುವ ಸಣ್ಣದೊಂದು ಭಾಗ ನಮ್ಮ ಡಿವಿಡಿ ಪ್ಲೇಯರಿನ ಹೊಟ್ಟೆಯೊಳಗೆ ಇದೆ. ಅಗ್ಗದ್ದು, ತಿರುಗುವ ಮೋಟಾರಿನ ಪಕ್ಕದಲ್ಲಿ ಇಕ್ಕಟ್ಟಿನಲ್ಲಿ ಕೂತದ್ದು. ಆ ಕೆಲಸವನ್ನು ಹೊರಗೆ, ಬೇರೆಯದೇ ಡಬ್ಬಿಯಲ್ಲಿ ಮಾಡಿಸಿದರೆ ದನಿ ಶುದ್ಧವಾಗುತ್ತದೆ; ಆ ಡಬ್ಬಿಗೆ ಡ್ಯಾಕ್ ಎನ್ನುತ್ತಾರೆ. ನನಗೆ ಇದು ಕೂಡಲೇ ತಿಳಿಯಿತು. ಹಾಲನ್ನು ಮೊಸರು ಮಾಡುವ ಹೆಪ್ಪು ಅದು. ಮನೆಯ ಹೆಪ್ಪು ಹಳಸಿದರೆ ಪಕ್ಕದ ಮನೆಯಿಂದ ತರುವುದು ರೂಢಿಯೇ. ಆದರೆ ನೀರು ಬೆರೆಸಿದ ಹಾಲಿಗೆ ಯಾರ ಮನೆಯ ಹೆಪ್ಪು ಹಾಕಿದರೂ ನೀರು ಮೊಸರೇ ಆಗುವುದು ಎಂದು ನಾನು ಸಂದೇಹ ಎತ್ತಿದೆ. ಪ್ರಲ್ಹಾದರಾಯರು ಚುರುಮುರಿಯ ತಟ್ಟೆ ಕೆಳಗಿಟ್ಟು, "ವೈನಿ, ನೀವು ಇಷ್ಟ ಮಾತಿನ್ಯಾಗ ಮುಗಿಸಿದ್ದರ ಮ್ಯಾಲೆ ಜಗತ್ತು ಎಷ್ಟ ದಿವಸದಿಂದ ಜಗಳಾಡ್ಲಿಕತ್ತದ ಗೊತ್ತದೇನು?" ಎಂದರು. ಹೊಗಳಿದರೋ ಹಾಸ್ಯ ಮಾಡಿದರೋ ತಿಳಿಯಲಿಲ್ಲ. ಇನ್ನೊಂದು ಹಿಡಿ ಚುರುಮುರಿ ಹಾಕಿದೆ.

ಆಗ ಊರಿನಲ್ಲಿ ಬೇರೆಯೇ ವಾದ. ರಾಜ್ಯ ಒಂದಾಗಿ ಇರಬೇಕೋ, ಎರಡಾಗಬೇಕೋ ಎಂದು ಇವತ್ತು ಬಂದ್, ನಾಳೆ ರಾಸ್ತಾ ರೋಕೋ. ನಮ್ಮ ಮನೆಯಲ್ಲೂ ಅದೇ ಪ್ರಶ್ನೆ, ಒಂದೇ ಡಬ್ಬಿ ಸಾಕೋ, ಒಳಗಿನದು ಬೇರೆ ಹೊರಗಿನದು ಬೇರೆ ಆಗಬೇಕೋ. ಬಸ್ಸು ಓಡಿದ ಒಂದು ದಿನ ನೋಡಿ ಇಬ್ಬರೂ ಅಬಿಡ್ಸಿಗೆ ಹೋದೆವು. ಅಂಚೆ ಕಚೇರಿಯ ಹಿಂದಿನ ಗಲ್ಲಿಯಲ್ಲಿ ಅಂಗಡಿ. ಅಂಗಡಿಯವರು ಚಟ್ನಿಪುಡಿಯ ಡಬ್ಬಿಯಷ್ಟೇ ದೊಡ್ಡದಾದ ಕರಿಯ ಪೆಟ್ಟಿಗೆಯೊಂದನ್ನು ಜೋಡಿಸಿ ಹಾಡು ಹಚ್ಚಿದರು. ನಮ್ಮವರು ಕಣ್ಣು ಮುಚ್ಚಿ, ಕತ್ತು ಓರೆ ಮಾಡಿ, ಬಹಳ ಹೊತ್ತು ಕೇಳಿದರು. ಅಂಗಡಿಯವರು ನನ್ನ ಕಡೆ ತಿರುಗಿ, "ಅಮ್ಮಾ, ಆಪ್‌ಕೋ ಫರಕ್ ಮಾಲೂಮ್ ಹೋರಾ?" ಎಂದರು. ನನಗೇನು ವ್ಯತ್ಯಾಸ ತಿಳಿದೀತು, ಥೋಡಾ, ಸ್ವಲ್ಪ, ಎಂದೆ. ಈ ಊರಿನಲ್ಲಿ ಯಾವ ಪ್ರಶ್ನೆಗೂ ಥೋಡಾ ಎಂಬ ಉತ್ತರ ನಡೆಯುತ್ತದೆ. ನಮ್ಮವರು ಮಾತ್ರ ಕಣ್ಣು ತೆರೆದು, "ಇದ ಬೇಕು," ಎಂದರು. ಆ ದನಿಯಲ್ಲಿ ಇಷ್ಟಕ್ಕಿಂತ ಮೊರೆಯೇ ಹೆಚ್ಚಿತ್ತು. ಬೆಲೆ ನಾನು ಕೇಳಲಿಲ್ಲ.

ಡಬ್ಬಿಗೆ ಕುಂಕುಮ ಹಚ್ಚಿ ಹೂ ಏರಿಸಿದೆ. ಆಂಪ್ಲಿಫೈಯರಿನ ಪಕ್ಕ, ಮೊಸರಿನ ಪಾತ್ರೆಯ ಜಾಗವನ್ನು ಅರ್ಧ ಒತ್ತರಿಸಿಕೊಂಡು ಅದು ಕೂತಿತು. ಅದನ್ನು ಜೋಡಿಸಿದ ರೀತಿ ಹೇಳುತ್ತೇನೆ, ಮುಂದಿನದಕ್ಕೆ ಬೇಕು. ಪ್ಲೇಯರಿನಿಂದ ಒಂದು ತಂತಿ ಮೊದಲಿನಂತೆಯೇ ನೇರವಾಗಿ ಆಂಪ್ಲಿಫೈಯರಿಗೆ. ಇನ್ನೊಂದು ತಂತಿ ಹೊರಗಿನ ಡಬ್ಬಿಯೊಳಗೆ ಹೊಕ್ಕು ಹೊರಟು ಆಂಪ್ಲಿಫೈಯರಿಗೆ. ಆಂಪ್ಲಿಫೈಯರಿನ ಮುಖದ ಮೇಲೊಂದು ಗುಂಡಿ. ಎಡಕ್ಕೆ ತಿರುವಿದರೆ ಹಳೆಯ ದಾರಿ, ಬಲಕ್ಕೆ ತಿರುವಿದರೆ ಹೊಸ ದಾರಿ. ಹಾಡು ನಡೆದಿರುವಾಗಲೇ ಹಾಗೂ ಹೀಗೂ ತಿರುವಿ ಎರಡನ್ನೂ ತೂಗಿ ನೋಡಬಹುದು. ಆ ಆಂಪ್ಲಿಫೈಯರಿನ ಮೇಲೆ ನಾನೇ ಕ್ರೋಶಾದಲ್ಲಿ ಹೆಣೆದ ಬಟ್ಟೆ ಹೊದಿಸಿದ್ದೆ. ಅಳತೆ ತಪ್ಪಿ ಅದು ಮುಂದಕ್ಕೆ ಇಳಿಬಿದ್ದು ಗುಂಡಿಯನ್ನು ಅರ್ಧ ಮುಚ್ಚುತ್ತಿತ್ತು. ನನ್ನ ಹೆಣಿಗೆ ನನ್ನ ಚಪ್ಪಾಳೆಯಂತೆಯೇ.

ಹೊಸ ಡಬ್ಬಿ ಬಂದ ಮೊದಲ ದಿನಗಳಲ್ಲಿ ನಮ್ಮವರು ಹಿಗ್ಗಿದ್ದರು. ತಾಳ ಬಂತು, ತಂಬೂರಿ ಬಂತು ಎನ್ನುತ್ತಿದ್ದರು. ಬರಬರುತ್ತ ಹಾಗನ್ನುವಾಗ ನನ್ನ ಮುಖ ನೋಡತೊಡಗಿದರು. ನನಗೆ ಅವೆಲ್ಲ ಮೊದಲೂ ಕೇಳುತ್ತಿದ್ದವು. ಆದರೆ ಯಾರೂ ಪ್ರಶ್ನೆ ಕೇಳದೆ ಉತ್ತರ ಹೇಳುವ ಅಭ್ಯಾಸ ನನಗಿಲ್ಲ.

ಧನುರ್ಮಾಸ ಬಂತು. ಈ ತಿಂಗಳು ನಮ್ಮ ಮನೆಗಳಲ್ಲಿ ಹೊತ್ತು ಮೂಡುವ ಮೊದಲೇ ಪೂಜೆ, ನೈವೇದ್ಯಕ್ಕೆ ಬಿಸಿ ಹುಗ್ಗಿ. ನಸುಕಿನಲ್ಲೇ ಸ್ನಾನ ಮಾಡಿ ಮಡಿ ಸೀರೆ ಉಟ್ಟು ಒಲೆ ಹಚ್ಚಬೇಕು. ಮಡಿಯಲ್ಲಿರುವಾಗ ಒಗೆದು ಬೇರೆ ಒಣಗಿಸಿದ್ದಲ್ಲದೆ ಬೇರೆ ಯಾವ ಬಟ್ಟೆಯನ್ನೂ ಮುಟ್ಟುವಂತಿಲ್ಲ. ಹಾಗೊಂದು ನಸುಕಿನಲ್ಲಿ, ಹುಗ್ಗಿ ಕುದಿಯಲು ಬಿಟ್ಟು, ಮೊಸರಿನ ಪಾತ್ರೆ ಒಯ್ಯಲೆಂದು ಪಡಸಾಲೆಗೆ ಬಂದೆ. ನಮ್ಮವರು ಆಗಲೇ ಎದ್ದು, ಸಣ್ಣ ದನಿಯಲ್ಲಿ ಒಂದು ದಾಸರ ಪದ ಹಚ್ಚಿಕೊಂಡು, ಕುರ್ಚಿಯಲ್ಲಿ ಕಣ್ಣು ಮುಚ್ಚಿ ಕೂತಿದ್ದರು. ನನ್ನ ಹೆಜ್ಜೆ ತಿಳಿಯಿತೆಂದು ಕಾಣುತ್ತದೆ.

"ಬಂದ್ಯಾ? ಛಲೋ ಆತು," ಎಂದರು. "ಈಗ ಹಳೇ ದಾರಿ ಮ್ಯಾಲೆ ಅದ. ಆ ಗುಂಡಿ ತಿರುವು. ಯಾವಾಗ ತಿರುವಿದಿ ಅಂತ ಹೇಳಬ್ಯಾಡ, ನಾನ ಹೇಳ್ತೀನಿ."

ನಾನು ಪಾತ್ರೆಯನ್ನು ಎತ್ತಿ ಕೈಯಲ್ಲಿ ಹಿಡಿದಾಗಿತ್ತು. ಗುಂಡಿಯ ಮೇಲೆ ಬಟ್ಟೆ ಇಳಿಬಿದ್ದಿತ್ತು. ಮಡಿಯಲ್ಲಿದ್ದೇನೆ ಎನ್ನಲು ಬಾಯಿ ತೆರೆದೆ. ಅವರು ಕಣ್ಣು ಮುಚ್ಚಿಯೇ ಅಂಗೈ ಎತ್ತಿ, ಮಾತಾಡಬೇಡ ಎಂದು ತಡೆದರು. ನಿಂತೆ. ಪದ ನಡೆದಿತ್ತು. ತಾಳದ ಕಿಣಿಕಿಣಿ ಮೊದಲಿನಂತೆಯೇ, ಸ್ವಚ್ಛವಾಗಿ ಬೀಳುತ್ತಿತ್ತು. ಸ್ವಲ್ಪ ಹೊತ್ತಿನಲ್ಲಿ ಅವರ ಮುಖ ನಿಧಾನವಾಗಿ ಅರಳಿತು. ಎಷ್ಟೋ ದಿನದಿಂದ ಕಾಣದ ಮುಖ ಅದು.

"ಈಗ ಬಂತು," ಎಂದರು. "ತಾಳ ಬಂತು. ಇದು ಹೊರಗಿನ ಡಬ್ಬಿ. ಹೌದಿಲ್ಲೋ?"

ಓದುವವರೇ, ಅಲ್ಲಿ ನಾನು ಹೌದೆಂದು ಬಿಡಬಹುದಿತ್ತು. ನೀವಾಗಿದ್ದರೆ ಅನ್ನುತ್ತಿದ್ದಿರೋ ಏನೋ, ಅದರಲ್ಲಿ ದೋಷವೂ ಕಾಣುವುದಿಲ್ಲ. ಆ ಮುಖ ಅರಳಿದ್ದೊಂದೇ ಸಾಕಾಗಿತ್ತು. ಆದರೆ ವೈಕುಂಠ ಏಕಾದಶಿ ಹತ್ತಿರವಿತ್ತು. ಅಂದು ಮಠದ ತುಂಬ ಜನರ ನಡುವೆ, ಈ ಅರಳಿದ ಮುಖದಿಂದಲೇ ಇವರು ತಾಳ ತಪ್ಪುವುದನ್ನು ಎದುರಿಗೆ ಕೂತು ನಾನು ನೋಡಬೇಕಾಗುತ್ತಿತ್ತು. ಮೇಲಾಗಿ ದೇವರ ನೈವೇದ್ಯದ ಮೊಸರು ಕೈಯಲ್ಲಿತ್ತು.

"ನಾ ಏನೂ ಮುಟ್ಟಿಲ್ರಿ," ಎಂದೆ. "ಮಡಿಯಾಗ ಇದ್ದೀನಿ. ಮೊಸರು ಒಯ್ಯಲಿಕ್ಕೆ ಬಂದೀನಿ."

ಅವರು ಕಣ್ಣು ತೆರೆದರು. ಗುಂಡಿಯನ್ನು ನೋಡಿದರು, ಅದರ ಮೇಲೆ ಹಾಗೇ ಇಳಿಬಿದ್ದ ಬಟ್ಟೆಯನ್ನು ನೋಡಿದರು, ನನ್ನ ಕೈಯ ಪಾತ್ರೆಯನ್ನು ನೋಡಿದರು. ಪದ ಮುಗಿಯಿತು.

"ನಿನಗ ತಾಳ ಕೇಳಸ್ತದೇನು?"

"ಕೇಳಸ್ತದರಿ."

"ಹಳೇದರಾಗೂ?"

"ಎರಡರಾಗೂ ಕೇಳಸ್ತದ. ಮೊದಲಿಂದ ಕೇಳಸ್ತದ."

"ಹಂಗಾದ್ರ ಡಬ್ಬೀದೇನೂ ತಪ್ಪಿಲ್ಲ," ಎಂದು ಎದ್ದರು. ಪ್ಲೇಯರ್ ಆರಿಸಿ, ನನ್ನ ಕಡೆ ನೋಡದೆ, "ನಡಿ, ಹುಗ್ಗಿ ಸೀದೀತು," ಎಂದು ಸ್ನಾನಕ್ಕೆ ಹೋದರು.

ಅಂದು ಪೂಜೆಯಲ್ಲಿ ಮಂಗಳಾರತಿಯ ಹೊತ್ತಿಗೆ ಗಂಟೆ ಬಾರಿಸುತ್ತಿದ್ದ ನಮ್ಮವರು ನಡುವೆ ಒಮ್ಮೆ ನಿಲ್ಲಿಸಿ, ಗಂಟೆಯನ್ನು ಕಿವಿಯ ಹತ್ತಿರ ತಂದು, ಇನ್ನೊಮ್ಮೆ ಮೆಲ್ಲಗೆ ಬಾರಿಸಿದರು. ಆಮೇಲೆ ಆ ಕಿವಿಯಿಂದ ಈ ಕಿವಿಗೆ ತಂದು ಬಾರಿಸಿದರು. ನಾನು ಕಣ್ಣು ಮುಚ್ಚಿಕೊಂಡೆ. ದೇವರನ್ನು ನೋಡುವ ಹೊತ್ತಿನಲ್ಲಿ ಕಣ್ಣು ಮುಚ್ಚಿದ್ದು ಅದೊಂದೇ ಸಲ.

ಕಿವಿಯ ಡಾಕ್ಟರು ಒಳ್ಳೆಯವರು. ಗಾಜಿನ ಕೋಣೆಯಲ್ಲಿ ಕೂರಿಸಿ, ಕಿವಿಗೆ ಯಂತ್ರ ಹಚ್ಚಿ, ಒಂದು ಕಾಗದದ ಮೇಲೆ ಗೆರೆ ಎಳೆದುಕೊಟ್ಟರು. ಆ ಗೆರೆ ಎಡದಿಂದ ಸಪಾಟಾಗಿ ಬಂದು, ಬಲಕ್ಕೆ ಹೋಗುತ್ತ ಬಾವಿಯ ಮೆಟ್ಟಿಲಂತೆ ಇಳಿದಿತ್ತು. ತಗ್ಗಿನ ದನಿ ಎಲ್ಲ ಇದೆ, ಮೇಲಿನ ಸಣ್ಣ ದನಿ ಸವೆದಿದೆ ಎಂದರು. ಮೊದಲು ಏನು ಕೆಲಸ ಮಾಡುತ್ತಿದ್ದಿರಿ ಎಂದು ತೆಲುಗಿನಲ್ಲಿ ಕೇಳಿದರು. ಪ್ರೆಸ್ ಶಾಪ್ ಎಂದ ಕೂಡಲೇ ತಲೆಯಾಡಿಸಿ ಮುಂದೇನೂ ಕೇಳಲಿಲ್ಲ. "ಪೋಯಿಂದಿ ರಾದಂಡಿ. ಉನ್ನದಿ ಕಾಪಾಡುಕುಂದಾಂ," ಎಂದರು. ಹೋದದ್ದು ಬರುವುದಿಲ್ಲ, ಇದ್ದದ್ದನ್ನು ಕಾಪಾಡಿಕೊಳ್ಳೋಣ. ನಾನು ದಿನಾ ದೀಪ ಹಚ್ಚಿ ದೇವರ ಮುಂದೆ ಹೇಳಿಕೊಳ್ಳುವುದೂ ಹೆಚ್ಚುಕಡಿಮೆ ಇದನ್ನೇ. ಕಾಲು ನಡೆಯುತ್ತಿದೆ, ನಲ್ಲಿಗೆ ನೀರು ಬಂದಿದೆ, ಇವತ್ತಿನ ಮೊಸರು ಕೂತಿದೆ ಎಂದು ಇದ್ದದ್ದನ್ನು ಒಂದೊಂದಾಗಿ ಒಪ್ಪಿಸಿ ಕೈಮುಗಿಯುವುದು ನನ್ನ ಪೂಜೆ. ಆದರೆ ಅದೇ ಮಾತು ಬೇರೆಯವರ ಬಾಯಿಂದ ಬಂದಾಗ ಎಷ್ಟು ಭಾರವಿರುತ್ತದೆ ಎಂದು ಅಂದು ತಿಳಿಯಿತು.

ಆಟೋದಲ್ಲಿ ಬರುವಾಗ ನಮ್ಮವರು ಕಾಗದವನ್ನು ಮಡಚಿ ಜೇಬಿನಲ್ಲಿಟ್ಟುಕೊಂಡು, ರಸ್ತೆ ನೋಡುತ್ತ, "ಎಲ್ಲಾ ಪ್ರೆಸ್ ನಡದಿರತಿದ್ವು. ಅದರಾಗ ಒಂದರ ಡೈ ಸೀಳು ಬಿಟ್ರ ನನಗ ಕೇಳಸ್ತಿತ್ತು. ಕಿವ್ಯಾಗ ಹತ್ತಿ ಇಟ್ಕೊ ಅಂತಿದ್ರು. ಇಟ್ಕೊಂಡ್ರ ಅದು ಕೇಳಸ್ತಿರಲಿಲ್ಲ," ಎಂದರು. ಅಷ್ಟೇ. ಡೈ ಎಂದರೆ ತಗಡು ಒತ್ತುವ ಅಚ್ಚು; ಅದರ ಬಾಧೆ ತಿಳಿಯಲೆಂದು ತೆರೆದಿಟ್ಟ ಕಿವಿ ಅದು. ಆ ಸೀಳಿನ ಸಪ್ಪಳ ಕೇಳಿ ಎಷ್ಟು ಜನರ ಬೆರಳು ಉಳಿಸಿದರೋ, ಅವರು ಯಾವತ್ತೂ ಹೇಳಿಕೊಂಡಿಲ್ಲ. ಹೀಗೆ ಹೋದ ದನಿಯನ್ನು ನಷ್ಟವೆನ್ನಬೇಕೋ, ಸಲ್ಲಿದ್ದೆನ್ನಬೇಕೋ ನನಗೆ ತಿಳಿಯದು; ದೇವರಿಗೆ ಏರಿಸಿದ ಹೂವನ್ನು ಬಾಡಿತೆಂದು ಯಾರೂ ಅಳುವುದಿಲ್ಲ ಎಂದು ಸಮಾಧಾನ ಮಾಡಿಕೊಂಡೆ, ಪೂರ್ತಿ ಆಗಲಿಲ್ಲ.

ಪ್ರಲ್ಹಾದರಾಯರಿಗೆ ನಮ್ಮವರೇ ಹೇಳಿದರು, ಪೇಟಿಗೆ ಬೇರೆಯವರನ್ನು ನೋಡಿಕೊಳ್ಳಿ ಎಂದು. ಅವರಿಗೆ ಅಂದು ತಾವಾಡಿದ ಕಿವಿಯ ಮಾತು ನೆನಪಾಯಿತೋ ಏನೋ, ನೆಲ ನೋಡುತ್ತ, "ಏಕಾದಶಿ ಒಂದು ದಿವಸ ಕೂಡ್ರಿ ರಾಯರ. ನೀವಿಲ್ಲದ ನಾ ಯಾರ ಜೋಡಿ ಜಗಳಾಡ್ಲಿ?" ಎಂದರು. ನಮ್ಮವರು ಒಪ್ಪಿದರು, ಅದೇ ಕೊನೆಯದೆಂದು.

ವೈಕುಂಠ ಏಕಾದಶಿಯ ದಿನ ಮಠದಲ್ಲಿ ಕಾಲಿಡಲು ಜಾಗವಿರಲಿಲ್ಲ. ಉಪವಾಸದ ಜನ, ತುಳಸಿಯ ವಾಸನೆ, ಗರ್ಭಗುಡಿಯ ದೀಪ. ಮೊದಲ ಪದಗಳು ಬಳಕೆಯವು, ಬೆರಳು ತಾವೇ ನಡೆದವು. ಆಮೇಲೆ ಮಂಡಳಿ ದೊಡ್ಡದೊಂದು ಪದ ಎತ್ತಿತು. ನಡುನಡುವೆ ತಾಳ ಬದಲಾಗುವಂಥದ್ದು, ಹಿಂದೊಮ್ಮೆ ಎಡವಿದಂಥದ್ದು. ಪ್ರಲ್ಹಾದರಾಯರು ಪಕ್ಕದಲ್ಲೇ ಇದ್ದರೂ ಅವರ ಕೈಗಳು ತಬಲಾದವರ ಬೆನ್ನಿನ ಮರೆಯಲ್ಲಿದ್ದವು. ನಮ್ಮವರ ಕಣ್ಣು ಆಚೀಚೆ ಹರಿದಾಡುವುದು ನನಗೆ ಎದುರಿನಿಂದ ಕಾಣುತ್ತಿತ್ತು. ಜಾತ್ರೆಯಲ್ಲಿ ಕೈಬಿಟ್ಟುಹೋದವರ ಕಣ್ಣಿನಂತೆ. ಅವರು ಮೊದಲು ದೇವರನ್ನು ನೋಡಿದರು. ಆಮೇಲೆ ಅವರ ದೃಷ್ಟಿ ಇಳಿದು ಬಂದು ನನ್ನ ತೊಡೆಯ ಮೇಲೆ, ಸೆರಗಿನ ಅಂಚಿನಲ್ಲಿ, ಸಪ್ಪಳವಿಲ್ಲದೆ ತಟ್ಟುತ್ತಿದ್ದ ನನ್ನ ಕೈಗಳ ಮೇಲೆ ನಿಂತಿತು.

ನಾನು ಸೆರಗು ಸರಿಸಿದೆ. ಕೈಗಳನ್ನು ತೊಡೆಯಿಂದ ಎದೆಯ ಮಟ್ಟಕ್ಕೆ ಎತ್ತಿ, ಹಾಗೇ ಸಪ್ಪಳವಿಲ್ಲದೆ, ತಟ್ಟುತ್ತ ಹೋದೆ. ಪಕ್ಕದವರು ನನ್ನನ್ನು ನೋಡಿದ್ದು ತಿಳಿಯಿತು, ನೋಡಲಿ. ತಾಳ ಬದಲಾಗುವ ಜಾಗ ಬಂತು, ಕೈ ಬದಲಾಯಿತು, ಪೇಟಿಯೂ ಬದಲಾಯಿತು. ಮತ್ತೆ ಬಂತು, ಮತ್ತೆ ಬದಲಾಯಿತು. ಪದ ಮುಗಿಯುವವರೆಗೆ ಅವರು ನನ್ನ ಕೈಯಿಂದ ಕಣ್ಣು ಕೀಳಲಿಲ್ಲ. ಮದುವೆಯ ದಿನ ಅಂತರಪಟ ಸರಿದಾಗಲೂ ನನ್ನನ್ನು ಅಷ್ಟು ಹೊತ್ತು ನೋಡಿದವರಲ್ಲ. ನನ್ನ ಬಾಯಿಯಿಂದ ಹಾಡು ಬರುತ್ತಿತ್ತೋ ಇಲ್ಲವೋ ನೆನಪಿಲ್ಲ. ಕೈ ತಪ್ಪದಿರಲಿ ತಂದೆ ಎಂಬುದೊಂದೇ ಒಳಗೆ ನಡೆದಿತ್ತು. ತಪ್ಪಲಿಲ್ಲ. ಆ ದೇವರು ಕೊಟ್ಟ ದೊಡ್ಡ ವರಗಳನ್ನು ಲೆಕ್ಕಕ್ಕೆ ತಗೊಳ್ಳುವ ಯೋಗ್ಯತೆ ನನಗಿಲ್ಲ, ಈ ಸಣ್ಣದನ್ನು ಮಾತ್ರ ಇವತ್ತಿಗೂ ಮೊದಲು ಒಪ್ಪಿಸುತ್ತೇನೆ.

ಮನೆಗೆ ಬಂದು ಚಪ್ಪಲಿ ಬಿಡುವಾಗ ನಮ್ಮವರು, "ಇವತ್ತು ತಾಳ ಸರಿ ಇತ್ತು," ಎಂದರು. ಪೇಟಿಗೆ ಬೇರೆಯವರನ್ನು ಹುಡುಕುವ ಮಾತು ಆಮೇಲೆ ಯಾರೂ ಎತ್ತಲಿಲ್ಲ. ಶನಿವಾರ ಶನಿವಾರ ನಾನು ಹೆಂಗಸರ ಮೊದಲ ಸಾಲಿನಲ್ಲಿ, ಪೇಟಿಗೆ ನೇರ ಎದುರಿಗೆ ಕೂರುತ್ತೇನೆ; ಆ ಜಾಗವನ್ನು ಈಗ ಯಾರೂ ಹಿಡಿಯುವುದಿಲ್ಲ.

ಹಾಗಾದರೆ ಹೊರಗಿನ ಡಬ್ಬಿಯಿಂದ ಮನೆಯ ದನಿ ಸುಧಾರಿಸುತ್ತದೆಯೋ ಇಲ್ಲವೋ ಎಂದು ನೀವು ಕೇಳಿದರೆ, ನನಗೆ ತಿಳಿದಷ್ಟು ಹೇಳುತ್ತೇನೆ. ಒಂದು ಮಧ್ಯಾಹ್ನ, ಮಡಿಯಲ್ಲಿರದಾಗ, ಒಬ್ಬಳೇ ಕೂತು ಗುಂಡಿಯನ್ನು ಹಾಗೂ ಹೀಗೂ ತಿರುವಿ ನೋಡಿದೆ. ಹಾಡಿನಲ್ಲಿ ನನಗೆ ವ್ಯತ್ಯಾಸ ತಿಳಿಯಲಿಲ್ಲ. ಒಂದು ಹಾಡು ಮುಗಿದು ಇನ್ನೊಂದು ಶುರುವಾಗುವ ನಡುವಿನ ಮೌನದಲ್ಲಿ ಮಾತ್ರ ಹಳೆಯ ದಾರಿಯಲ್ಲಿ ಸಣ್ಣದೊಂದು ಸುಯ್ಯೆಂಬ ಸದ್ದಿತ್ತು, ಹೊಸ ದಾರಿಯಲ್ಲಿ ಅದಿರಲಿಲ್ಲ. ಅಷ್ಟು ಹಣಕ್ಕೆ ಅಷ್ಟು ಮೌನ. ಬೇಕಾದವರು ಕೊಳ್ಳಲಿ.

ಸಂಕ್ರಾಂತಿ ಕಳೆದ ಮೇಲೆ ನಮ್ಮವರ ಕಿವಿಯ ಹಿಂದೆ ಸಣ್ಣದೊಂದು ಯಂತ್ರ ಬಂತು. ಅದರೊಳಗೂ ದನಿಯನ್ನು ಅಂಕಿ ಮಾಡಿ, ಅಂಕಿಯನ್ನು ಮತ್ತೆ ದನಿ ಮಾಡುವ ಕೆಲಸವೇ ನಡೆಯುತ್ತದೆಂದು ಪ್ರಲ್ಹಾದರಾಯರು ಓದಿ ಬಂದು ಹೇಳಿದರು. ಕಡೆಗೂ ಹೊರಗಿನ ಡಬ್ಬಿ ಹೋಗಬೇಕಾದ ಜಾಗಕ್ಕೆ ಹೋಗಿ ಕೂತಿತೆಂದು ನಕ್ಕರು, ಈ ಸಲ ನಮ್ಮವರೂ ನಕ್ಕರು. ಅದನ್ನು ಹಾಕಿಕೊಂಡ ಮೊದಲ ದಿನ ಒಗ್ಗರಣೆಯ ಸಾಸಿವೆ ಸಿಡಿದದ್ದಕ್ಕೆ ಏನಾಯಿತೆಂದು ಅಡುಗೆಮನೆಗೆ ಓಡಿಬಂದರು. ಕುಕ್ಕರ್ ಈಗ ಹೊತ್ತಿಗೆ ಸರಿಯಾಗಿ ಆರುತ್ತದೆ. ಭಜನೆಯಲ್ಲಿ ಮಾತ್ರ ಅದನ್ನು ತೆಗೆದು ಜೇಬಿನಲ್ಲಿಟ್ಟುಕೊಳ್ಳುತ್ತಾರೆ. ಅದರಲ್ಲಿ ಪೇಟಿಯ ದನಿ ತಗಡಿನಂತೆ ಕೇಳುತ್ತದಂತೆ, ತಗಡು ಸಾಕಷ್ಟು ಕೇಳಿ ಆಗಿದೆಯಂತೆ.

ದನಿ ಪಕ್ವವಾಗುವ ಸಿದ್ಧಾಂತವನ್ನು ಅವರು ಈಗ ಬಿಟ್ಟಿದ್ದಾರೆ. ಆದರೂ ಈ ಚಳಿಗಾಲದಲ್ಲಿ ಆಂಪ್ಲಿಫೈಯರ್ ರಾತ್ರಿ ಆರುತ್ತಿಲ್ಲ. ಮಲಗುವ ಮೊದಲು ನಾನು ಹೆಪ್ಪು ಹಾಕಿ ಪಾತ್ರೆ ತಂದಾಗ ನೋಡುತ್ತೇನೆ, ಅಬಿಡ್ಸಿನಿಂದ ತಂದ ಕರಿಯ ಡಬ್ಬಿಯನ್ನು ಆ ತುದಿಗೆ ಸರಿಸಿ ಪಾತ್ರೆಗೆ ಪೂರ್ತಿ ಜಾಗ ಬಿಟ್ಟಿರುತ್ತಾರೆ. ನನ್ನ ಅಳತೆ ತಪ್ಪಿದ ಕ್ರೋಶಾ ಬಟ್ಟೆಯನ್ನು ಹಿಂದಕ್ಕೆ ಮಡಚಿ, ಜಾರದಂತೆ ಅಂಚನ್ನು ಸಿಕ್ಕಿಸಿಟ್ಟಿರುತ್ತಾರೆ, ನಸುಕಿನಲ್ಲಿ ಮಡಿಯಲ್ಲಿ ಬಂದು ಮೊಸರು ಎತ್ತಿಕೊಳ್ಳುವಾಗ ನನ್ನ ಕೈಗೆ ತಾಗಬಾರದೆಂದು.